ಪಕ್ಕದ ರೂಮಿನವರ ಹೆಸರು ಕೇಳಿ

ಬ್ಯಾಡಗಿಯಿಂದ ಬಂದು ಮೂರು ವರ್ಷದಿಂದ ಬೆಂಗಳೂರಿನ ಪಿಜಿಯೊಂದರಲ್ಲಿರುವ ಓದುಗರೊಬ್ಬರ ಪತ್ರ ಇದು. ಹೆಸರು ಹಾಕಬೇಡಿ ಎಂದಿದ್ದಾರೆ. “ಜ್ವರ ಬಂದು ಎರಡು ದಿನ ಮಲಗಿದ್ದೆ. ಊಟ ಆಪ್‌ನಲ್ಲಿ ಬಂತು, ಮಾತ್ರೆಯೂ ಆಪ್‌ನಲ್ಲೇ ಬಂತು. ಹೇಗಿದ್ದೀಯಾ ಅಂತ ಕೇಳೋರು ಯಾರೂ ಇರಲಿಲ್ಲ. ಅವ್ವ ಫೋನ್ ಮಾಡಿದಾಗ ‘ಆರಾಮ ಅದೀನಿ’ ಅಂದೆ. ಪಕ್ಕದ ರೂಮಿನವನನ್ನು ಬ್ರೋ ಅಂತ ಕರೀತೀನಿ, ಹೆಸರು ಗೊತ್ತಿಲ್ಲ. ನನ್ನಲ್ಲೇ ಏನಾದರೂ ದೋಷ ಇದೆಯಾ?”

ದೋಷ ಖಂಡಿತ ಇಲ್ಲ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿತು. ಅದಕ್ಕೂ ಮೊದಲು, 2023ರಲ್ಲಿ, ಅಮೆರಿಕ ಸರ್ಕಾರದ ಮುಖ್ಯ ವೈದ್ಯಾಧಿಕಾರಿ, ಅಂದರೆ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿ ಇದೇ ವಿಷಯವಾಗಿ ಇಡೀ ದೇಶವನ್ನು ಎಚ್ಚರಿಸಿದ್ದರು. ಅವರ ಕುಟುಂಬದ ಮೂಲ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ.

ಊರಲ್ಲಿ ನೀವು ಗೆಳೆಯರನ್ನು ಹುಡುಕಿಕೊಂಡು ಹೋಗಿರಲಿಲ್ಲ, ಅಲ್ವಾ? ಅದೇ ಶಾಲೆ, ಅದೇ ಕಟ್ಟೆ, ಅದೇ ಮುಖಗಳು. ದಿನಾ ನೋಡಿ ನೋಡಿಯೇ ಸಲಿಗೆ ಬೆಳೆದಿತ್ತು. ಇಲ್ಲಿ ಆರು ತಿಂಗಳಿಗೊಮ್ಮೆ ರೂಮ್‌ಮೇಟ್ ಬದಲಾಗುತ್ತಾರೆ, ಟೀಮ್ ಬದಲಾಗುತ್ತದೆ. ಕೆನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರಿಚಯದವರು ಗೆಳೆಯರಾಗಲು ಒಟ್ಟಿಗೆ ಸುಮಾರು 50 ಗಂಟೆಯಾದರೂ ಕಳೆಯಬೇಕು. ಆಪ್ತರಾಗಲು 200ಕ್ಕೂ ಜಾಸ್ತಿ. ಬರೀ ಕೆಲಸ ಮಾಡುತ್ತಾ ಕಳೆದ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲವಂತೆ. ಆಫೀಸಿನಲ್ಲಿ ಇಷ್ಟು ದಿನ ಕಳೆದರೂ ನಿಮಗೆ ಯಾರೂ ಹತ್ತಿರವಾಗದ್ದು ಯಾಕೆಂದು ಇದರಿಂದ ಸ್ವಲ್ಪ ತಿಳಿಯುತ್ತದೆ.

ಹಾಗಾಗಿ ಹೊಸಬರನ್ನು ಹುಡುಕುತ್ತಾ ವಾರಕ್ಕೊಂದು ಕಡೆ ಅಲೆಯಬೇಡಿ. ಒಂದೇ ಜಾಗ ಆರಿಸಿಕೊಳ್ಳಿ, ಬಿಡದೆ ಹೋಗಿ. ಕಬ್ಬನ್ ಪಾರ್ಕಿನಲ್ಲಿ 2023ರಿಂದ ಶನಿವಾರಗಳಂದು ಜನ ಪುಸ್ತಕ ಹಿಡಿದು ಬಂದು ಮರದ ಕೆಳಗೆ ಸುಮ್ನೆ ಓದುತ್ತಾ ಕೂರುತ್ತಾರೆ. ಮಾತಾಡಲೇಬೇಕೆಂಬ ಒತ್ತಾಯ ಇಲ್ಲ. ಸಂಕೋಚದ ಸ್ವಭಾವದವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಹೊಳೆಯುತ್ತಿಲ್ಲ. ನಾಲ್ಕು ವಾರ ಅದೇ ಮುಖ ಕಂಡರೆ ‘ಟೀ ಕುಡಿಯೋಣ್ವಾ’ ಅನ್ನುವುದು ಕಷ್ಟವಾಗುವುದಿಲ್ಲ. ಕ್ರಿಕೆಟ್ ಇಷ್ಟವಿದ್ದರೆ ಮೈದಾನಕ್ಕೆ ಹೋಗಿ. ಅದೂ ಅಷ್ಟೇ ಒಳ್ಳೆಯದು.

ಪಕ್ಕದ ರೂಮಿನವರ ಹೆಸರನ್ನು ಮಾತ್ರ ಇವತ್ತೇ ಕೇಳಿ. ಮೂರು ವರ್ಷದ ಮೇಲೆ ಕೇಳಲು ಮುಜುಗರ ಆಗುತ್ತದೆ, ಆಗಲಿ. ಒಂದು ಚಾರ್ಜರ್ ಕೇಳಿ, ಮಾರ್ಕೆಟ್ಟಿಗೆ ಹೋಗುವಾಗ ‘ಏನಾದ್ರೂ ಬೇಕಾ’ ಅನ್ನಿ. ಯಾರಿಂದಲೂ ಏನೂ ಬೇಡದ ಹಾಗೆ ಬದುಕುವುದನ್ನು ಆಪ್‌ಗಳು ನಮಗೆ ಕಲಿಸಿಬಿಟ್ಟಿವೆ. ಬೇಕು ಅನ್ನದೆ ಯಾರೂ ಒಳಗೆ ಬರುವುದಿಲ್ಲ.

ಜ್ವರ ಬಂದಿತ್ತು ಅಂತ ಅವ್ವನಿಗೂ ಹೇಳಿಬಿಡಿ. ಗಾಬರಿಯಾಗುತ್ತಾರೆ, ಬೈಯುತ್ತಾರೆ, ದಿನಾ ಫೋನ್ ಮಾಡುತ್ತಾರೆ. ನಿಮಗೆ ಬೇಕಾಗಿದ್ದೂ ಅದೇ ಅಲ್ವಾ?

ಊಟ, ನಿದ್ದೆ ಕೆಟ್ಟಿದ್ದರೆ ಅಥವಾ ಬದುಕೇ ಬೇಡ ಅನ್ನಿಸಿದರೆ ತಡಮಾಡದೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.