ನಿಂಬೆಹುಳಿಯಲ್ಲಿ ತೊಳೆದ ಕಟಾರಿ, ಮತ್ತೆ ಆ 1747

ಸರ್, ಮೊದಲು ಆ ಸ್ಟೀಲ್ ನಾರು ಕೆಳಗಿಡಿ. ಕಟಾರಿಯನ್ನು, ಅಂದರೆ ಅಡ್ಡಹಿಡಿಯ ಆ ಚುಚ್ಚುಗತ್ತಿಯನ್ನು, ನಿಂಬೆಹಣ್ಣು ಹಾಕಿ ಫಳಫಳ ಉಜ್ಜಿಬಿಟ್ಟು, ಆಮೇಲೆ "ಹಿಡಿ ಮೇಲೆ 1747 ಅಂತಿದೆ, ಹೈದರಾಲಿ ಕಾಲದ್ದಾ?" ಅಂತ ಕೇಳ್ತಿದ್ದೀರಿ. ನಾನೂ ಒಮ್ಮೆ ಇದನ್ನೇ ಮಾಡಿದವನು, ಅದಕ್ಕೇ ಬೈತಿದ್ದೀನಿ. ಕಾಲ ಹೇಳಬೇಕಾದ ಸಾಕ್ಷಿ ಇದ್ದದ್ದೇ ಉಕ್ಕಿನ ಮೇಲೆ ಹಳತಾಗಿ ಕೂತ ಆ ಕಪ್ಪಿನಲ್ಲಿ.

ಚುಕ್ಕಿ ಚುಕ್ಕಿ ಕುಟ್ಟಿ ಬರೆದ ನಾಗರಿ ಅಂಕಿ ಅದು. ಇಸವಿ ಅಲ್ಲ, ವಿಕ್ರಮ ಸಂವತ್ ಪಂಚಾಂಗದ ವರ್ಷ. 57 ಕಳೆದರೆ 1690. ಈಗಿನ ಆಂಧ್ರದ ಆದವಾನಿ ಕೋಟೆ 17ನೇ ಶತಮಾನದ ಕೊನೆಯಲ್ಲಿ ಮೊಗಲರ ಕೈಸೇರಿದಾಗ ಬಿಕಾನೇರಿನ ಮಹಾರಾಜ ಅನೂಪ್ ಸಿಂಗ್ ಹೊತ್ತೊಯ್ದ ದಖ್ಖನಿ ಆಯುಧಗಳ ಮೇಲೆ ಇಂಥ ಬರಹ ಇರುತ್ತೆ. ಆದರೆ ಅದು ಉಗ್ರಾಣದ ಲೆಕ್ಕ, ಕಮ್ಮಾರ ಬಡಿದ ವರ್ಷ ಅಲ್ಲ. ಅಸಲಿ ಬರಹವಾದರೆ ಕಟಾರಿ ಅದಕ್ಕಿಂತ ಹಿಂದಿನದು, ಅಷ್ಟೇ.

ಅಸಲಿಯಾದರೆ! ಬೆಲೆ ಏರಿಸೋಕೆ ಹೊಸದಾಗಿ ಕುಟ್ಟುವವರೂ ಇದ್ದಾರೆ. ಹತ್ತು ಪಟ್ಟು ದೊಡ್ಡದು ತೋರಿಸುವ ಲೆನ್ಸ್ ಹಿಡಿದು ನೋಡಿ. ಹಳೇ ಚುಕ್ಕಿಯ ಅಂಚು ಕೈಯಾಡಿ ನಯವಾಗಿರುತ್ತೆ, ಕುಳಿಯೊಳಗೂ ಸುತ್ತಲಿನ ಕಪ್ಪೇ ಇರುತ್ತೆ. ಹೊಸದರ ಅಂಚು ಉಗುರಿಗೆ ತಗಲುತ್ತೆ, ಕುಳಿ ಹೊಳೆಯುತ್ತೆ, ಇಲ್ಲಾ ಎಲ್ಲ ಕಡೆ ಒಂದೇ ಕಿತ್ತಳೆ ತುಕ್ಕು. ನಿಮ್ಮದರಲ್ಲಿ ನಾರು ಅಂಚು ಸವೆಸಿದೆ, ಹುಳಿ ಕುಳಿ ಬೆಳಗಿದೆ. ಅಡ್ಡಹಿಡಿಗಳ ಸಂದಿನಲ್ಲಿ ನಾರು ತಲುಪದ ಒಂದೆರಡು ಚುಕ್ಕಿ ಉಳಿದಿದ್ದರೆ ಅವೇ ಗತಿ.

ಅಂಕಿಯ ಗೋಜಲು ಇಷ್ಟಕ್ಕೇ ಮುಗಿಯಲ್ಲ. ಬರೆದದ್ದು ಶಕ ವರ್ಷವಾದರೆ ಇಸವಿ ತಿಳಿಯೋಕೆ 78 ಕೂಡಿಸಬೇಕು. ಹಿಜರಿಯನ್ನು 0.97ರಿಂದ ಗುಣಿಸಿ 622 ಸೇರಿಸಬೇಕು. ಟಿಪ್ಪು ತಂದ ಮೌಲೂದಿ ವರ್ಷಗಳ ಲೆಕ್ಕವೇ ಬೇರೆ, ಅದರ ಅಂಕಿ ಬಲದಿಂದ ಎಡಕ್ಕೆ.

ಆಕಾರ ನೋಡಿ. ಬೆರಳು ಮುಚ್ಚುವ ಹಾಯಿಯಂಥ ತಗಡು ಇದ್ದು, ಯೂರೋಪಿನ ಅಲಗನ್ನು ರಿವೆಟ್ ಹೊಡೆದು ಕೂರಿಸಿದ್ದರೆ 16-17ನೇ ಶತಮಾನದ ದಕ್ಷಿಣದ ಕೆಲಸ. ತಂಜಾವೂರು ಅರಮನೆಯ ಇಂಥ ಕಟಾರಿಗಳು ಚೆನ್ನೈನ ಎಗ್ಮೋರ್ ಮ್ಯೂಸಿಯಮ್ಮಲ್ಲಿವೆ. ಕತ್ತರಿಯಂತೆ ಬಾಯಿ ಬಿಡುವ ಕಟಾರಿ ಹೆಚ್ಚಾಗಿ 19ನೇ ಶತಮಾನದ ಶೋಕಿ. ಬಂಗಾರ ಹೋದ ಕಡೆ ಅಡ್ಡಡ್ಡ ಗೀರು ಕಂಡರೆ ಗೀರಿದ ಉಕ್ಕಿಗೆ ಬಂಗಾರ ಬಡಿದು ಕೂರಿಸುವ ಕೋಫ್ತ್‌ಗರಿ, ತೋಡಿದ ಕಾಲುವೆ ಕಂಡರೆ ತಂತಿ ಕೂರಿಸಿದ್ದು, ಎರಡೂ ಇಲ್ಲದಿದ್ದರೆ ಬರೀ ಲೇಪ. ಹಿಡಿ ಚಿಕ್ಕದು ಅಂತ "ಮಕ್ಕಳ ಕಟಾರಿ" ಅನ್ನಬೇಡಿ, ಅದರ ಅಳತೆಯೇ ಹಾಗೆ.

ಈಗಿನ ಕೆಲಸ: ಸಂದಿಯಲ್ಲಿ ಉಳಿದ ಹುಳಿ ತಿನ್ನುತ್ತಲೇ ಇರುತ್ತೆ. ಅಡುಗೆ ಸೋಡಾ ನೀರಲ್ಲಿ ಕಲಸಿ ಬ್ರಷ್‌ನಿಂದ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆದು, ಹೇರ್ ಡ್ರೈಯರ್ ಹಿಡಿದು ಪೂರ್ತಿ ಒಣಗಿಸಿ. ಬಂಗಾರ ಇರುವ ಕಡೆ ಬ್ರಷ್ ಬೇಡ, ಹತ್ತಿ ಸಾಕು. ನಂತರ ಹೊಲಿಗೆ ಮಿಷನ್ ಎಣ್ಣೆ. ಡಬ್ಲ್ಯುಡಿ-40 ನೀರು ಓಡಿಸೋಕೆ ಸರಿ, ವರ್ಷಗಟ್ಟಲೆ ಕಾಯೋಕಲ್ಲ. ಬ್ರಾಸೊ ಪಾಲಿಶ್ ಬೇಡವೇ ಬೇಡ, ಬಿಳಿ ಪುಡಿ ಕೆತ್ತನೆಯಲ್ಲಿ ಕೂತರೆ ಏಳಲ್ಲ. ಲೋಹ ಕಾಯುವ ಮೇಣ ರೆನೆಸಾನ್ಸ್ ವ್ಯಾಕ್ಸ್ ದುಬಾರಿ, ಆದರೆ ಬಟಾಣಿಯಷ್ಟು ಸಾಕು. ಉಕ್ಕಿನ ನೀರಲೆ, ಅಂದರೆ ಅಲೆಯಂಥ ವಿನ್ಯಾಸ, ಮಾಯವಾಗಿದೆ, ಮತ್ತೆ ಎಬ್ಬಿಸೋಣ ಅಂತ ಮನೆಯಲ್ಲಿ ಫೆರಿಕ್ ಕ್ಲೋರೈಡ್ ಸುರಿಯಬೇಡಿ.

ಮಖಮಲ್ ಒರೆ ನೋಡಿ ಕಾಲ ಹೇಳೋಕೂ ಹೋಗಬೇಡಿ, ಬಟ್ಟೆ ಎಷ್ಟೋ ಸಲ ಬದಲಾಗಿರುತ್ತೆ. ಅಲಗನ್ನು ಅದರೊಳಗಿಟ್ಟು ಬೀರುಗೆ ಹಾಕಬೇಡಿ, ತೇವ ಹಿಡಿಯುತ್ತೆ, ಬೇರೆ ಬೇರೆ ಇಡಿ. ಅಂದಹಾಗೆ, ನೂರು ವರ್ಷ ದಾಟಿದ್ದನ್ನು ದೇಶದಾಚೆ ಕಳಿಸುವಂತಿಲ್ಲ, ಪ್ರಾಚೀನ ವಸ್ತುಗಳ 1972ರ ಕಾಯ್ದೆ ಇದೆ. ಪಕ್ಕದಿಂದ ಬೆಳಕು ಬಿಟ್ಟು, ಸ್ಕೇಲ್ ಇಟ್ಟು ಫೋಟೋ ಹಾಕಿ: ಎರಡೂ ಮಗ್ಗುಲು, ಹಿಡಿಯ ಸಂದು, ಮೊನೆ ಅಂಚಿನ ಕಡೆಯಿಂದ. ತೂಕ ಗ್ರಾಂನಲ್ಲಿ.