‘ಹೇಳು’ ಎಂಬ ಒತ್ತಾಯ ನಿಲ್ಲಿಸಿದ ಮೇಲೆ: ಆಟಿಸಂ ಇರುವ ಮಗುವಿನ ಮಾತಿನ ಕುರಿತು ಒಂದು ಆಪ್ತಸಲಹೆ ಪ್ರಕರಣ

ಎರಡು ವರ್ಷ ನಾಲ್ಕು ತಿಂಗಳ ಗಂಡುಮಗುವಿನೊಂದಿಗೆ ತಂದೆತಾಯಿ ಇಬ್ಬರೂ ನನ್ನ ಬಳಿ ಆಪ್ತಸಲಹೆಗೆ ಬಂದಿದ್ದರು. ಗುರುತು ಸಿಗದಂತೆ ಇಲ್ಲಿ ಕೆಲವು ವಿವರಗಳನ್ನು ಬದಲಿಸಲಾಗಿದೆ. ಮಕ್ಕಳ ತಜ್ಞರ ಸೂಚನೆಯಂತೆ ಮೌಲ್ಯಮಾಪನ ನಡೆದು, ಮಗುವಿಗೆ ಆಟಿಸಂ ಇರುವುದು ಖಚಿತವಾಗಿತ್ತು. ಆ ವರದಿಯಲ್ಲಿ ಅನೇಕ ಅಂಶಗಳಿದ್ದರೂ ತಂದೆತಾಯಿಯನ್ನು ಹಗಲಿರುಳು ಕಾಡುತ್ತಿದ್ದುದು ಒಂದೇ ಪ್ರಶ್ನೆ: ಮಗು ಯಾವಾಗ ಮಾತನಾಡುತ್ತಾನೆ?

ಸುಮಾರು 14 ತಿಂಗಳಿನಲ್ಲಿ ಮಗು ‘ಅಮ್ಮ’, ‘ತಾ’, ‘ಲೈಟ್’ ಎನ್ನುತ್ತಿದ್ದನಂತೆ. ಒಂದೂವರೆ ವರ್ಷ ದಾಟಿದ ಮೇಲೆ ಆ ಪದಗಳು ಒಂದೊಂದಾಗಿ ನಿಂತುಹೋದವು. ಗಂಡುಮಕ್ಕಳಿಗೆ ಮಾತು ತಡ, ಇವನ ಅಪ್ಪನೂ ತಡವಾಗಿಯೇ ಮಾತು ಕಲಿತದ್ದು ಎಂದು ಮನೆಯ ಹಿರಿಯರು ಧೈರ್ಯ ಹೇಳಿದ್ದರಿಂದ ಕೆಲವು ತಿಂಗಳು ಹಾಗೆಯೇ ಕಳೆದವು. ಹಿರಿಯರ ಮಾತಿನ ಹಿಂದೆ ಪ್ರೀತಿಯಿತ್ತು, ಅದರಲ್ಲಿ ಸಂದೇಹವಿಲ್ಲ. ಆದರೆ ಮಾತು ತಡವಾಗಿ ಬರುವುದು ಬೇರೆ, ಬಂದ ಮಾತು ಹೋಗುವುದು ಬೇರೆ. 12 ತಿಂಗಳಾದರೂ ತೊದಲು ಧ್ವನಿ ಅಥವಾ ಬೆರಳು ತೋರಿಸುವಂಥ ಸನ್ನೆ ಇಲ್ಲದಿದ್ದರೆ, 16 ತಿಂಗಳಿಗೂ ಒಂದು ಪದ ಬಾರದಿದ್ದರೆ, 24 ತಿಂಗಳಿಗೂ ಮಗು ತಾನಾಗಿಯೇ ಎರಡು ಪದ ಜೋಡಿಸದಿದ್ದರೆ, ಮತ್ತು ಯಾವ ವಯಸ್ಸಿನಲ್ಲೇ ಆಗಲಿ ಕಲಿತ ಮಾತು ಮರೆಯಾದರೆ, ಕಾದು ನೋಡದೆ ತಜ್ಞರ ಬಳಿ ಹೋಗಬೇಕು.

ತಾಯಿಗೆ ಇನ್ನೊಂದು ಸಂಕಟವಿತ್ತು. ಊಟ ಮಾಡಿಸುವಾಗ ಮೊಬೈಲ್ ಕೊಟ್ಟದ್ದರಿಂದಲೇ ಹೀಗಾಯಿತು ಎಂದು ಅವರು ತಮ್ಮನ್ನು ತಾವೇ ದೂಷಿಸಿಕೊಳ್ಳುತ್ತಿದ್ದರು. ಆಟಿಸಂ ಎಂಬುದು ಮಿದುಳಿನ ಬೆಳವಣಿಗೆಯಲ್ಲಿನ ಭಿನ್ನತೆ. ಅದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು, ಮೊಬೈಲ್ ಅದಕ್ಕೆ ಕಾರಣವಲ್ಲ ಎಂದು ಸ್ಪಷ್ಟವಾಗಿ ತಿಳಿಸಿದೆ. ಹಾಗಿದ್ದರೂ ಪರದೆಯ ಮುಂದೆ ಕಳೆಯುವ ಹೊತ್ತು ಮನುಷ್ಯರ ಮುಖ ನೋಡಿ ಕಲಿಯುವ ಹೊತ್ತನ್ನು ಕಸಿಯುತ್ತದೆ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವುದನ್ನು ತಿಳಿಸಿ, ಊಟದ ಹೊತ್ತಿನಿಂದಲೇ ಕಡಿಮೆ ಮಾಡಲು ಸೂಚಿಸಿದೆ.

ಅಂದು ಕೋಣೆಯಲ್ಲಿ ಕಂಡದ್ದು ಈ ಪ್ರಕರಣದ ತಿರುಳು. ತಂದೆ ಚೆಂಡೊಂದನ್ನು ಮಗುವಿನ ಮುಖದ ಹತ್ತಿರ ಹಿಡಿದು, ‘ಇದೇನು ಹೇಳು? ಬಾಲ್ ಹೇಳು ಪುಟ್ಟಾ, ಬಾಲ್’ ಎಂದು ಮತ್ತೆ ಮತ್ತೆ ಕೇಳಿದರು. ಮಗು ಬೆನ್ನು ತಿರುಗಿಸಿ ಮೂಲೆಗೆ ಹೋಗಿ, ಡಬ್ಬಿಯ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತ ಕುಳಿತ. ಸ್ವಲ್ಪ ಹೊತ್ತಿನ ನಂತರ ತಾಯಿಯ ಬ್ಯಾಗಿನ ಬಳಿ ಬಂದು, ಯಾರ ಮುಖವನ್ನೂ ನೋಡದೆ, ತಾಯಿಯದೇ ರಾಗದಲ್ಲಿ ‘ನೀರು ಬೇಕಾ?’ ಎಂದ. ತಾಯಿ ಬಾಟಲಿ ಕೊಟ್ಟರು, ಮಗು ಕುಡಿದ. ‘ಇದು ಮಾತಲ್ಲ ಮೇಡಂ, ನಾನು ಕೇಳಿದ್ದನ್ನೇ ಗಿಣಿಯ ಹಾಗೆ ಒಪ್ಪಿಸ್ತಾನೆ’ ಎಂದು ತಾಯಿ ಬೇಸರಿಸಿದರು.

ಅದು ಮಾತೇ ಎಂದು ನಾನು ಒತ್ತಿ ಹೇಳಿದೆ. ಬಾಯಾರಿದಾಗ, ನೀರಿರುವ ಜಾಗಕ್ಕೆ ಬಂದು, ನೀರಿಗೆ ಸಂಬಂಧಿಸಿದ ವಾಕ್ಯವನ್ನೇ ಮಗು ಆರಿಸಿಕೊಂಡಿದ್ದಾನೆ. ವಾಕ್ಯವನ್ನು ಬಿಡಿಸಿ ತನ್ನದಾಗಿ ಕಟ್ಟಲು ಇನ್ನೂ ಬಂದಿಲ್ಲ, ಅಷ್ಟೆ. ಕೇಳಿದ್ದನ್ನು ಕೇಳಿದಂತೆಯೇ ಹೇಳುವ ಈ ರೀತಿಗೆ ಎಕೋಲಾಲಿಯಾ ಎನ್ನುತ್ತಾರೆ. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಇರುವ 11 ಮಕ್ಕಳ ಕುರಿತು ಬರೆದ ಪ್ರಬಂಧದಲ್ಲೇ ಇದರ ವಿವರಣೆಯಿದೆ. ಅರ್ಥವಿಲ್ಲದ ಪುನರುಚ್ಚಾರ ಎಂದು ಬಹುಕಾಲ ಇದನ್ನು ನಿಲ್ಲಿಸಲು ಯತ್ನಿಸುತ್ತಿದ್ದರು. ಆದರೆ ವಾಕ್-ಭಾಷಾ ತಜ್ಞರಾದ ಬ್ಯಾರಿ ಪ್ರಿಜಾಂಟ್ ಮತ್ತು ಜುಡಿತ್ ಡುಚನ್ 1981ರಲ್ಲಿ ಪ್ರಕಟಿಸಿದ ಅಧ್ಯಯನವು, ಮಕ್ಕಳು ಇದನ್ನು ಬೇಕಾದ್ದನ್ನು ಕೇಳಲು, ಒಪ್ಪಲು, ಮಾತುಕತೆಯಲ್ಲಿ ತಮ್ಮ ಸರದಿಯನ್ನು ತುಂಬಲು ಬಳಸುತ್ತಾರೆಂದು ತೋರಿಸಿತು.

ಮೊದಲ ಸಲಹೆ ಶ್ರವಣ ಪರೀಕ್ಷೆಯದು. ಪಕ್ಕದ ಕೋಣೆಯಲ್ಲಿ ಮೊಬೈಲ್ ಹಾಡು ಕೇಳಿದರೆ ಓಡಿಬರುತ್ತಾನೆ, ಕಿವಿ ಚೆನ್ನಾಗಿದೆ ಎಂದು ತಂದೆ ಹೇಳಿದರು. ಕೆಲವು ಸದ್ದುಗಳು ಕೇಳಿಸಿದ ಮಾತ್ರಕ್ಕೆ ಮಾತಿನ ಎಲ್ಲ ಧ್ವನಿಗಳೂ ಕೇಳಿಸುತ್ತವೆ ಎನ್ನಲಾಗದು. ಕಿವಿಯಲ್ಲಿ ದ್ರವ ತುಂಬಿಕೊಂಡಿದ್ದರೂ ಮಾತು ಮಸುಕಾಗಿ ಕೇಳಿಸಬಹುದು. ಆದ್ದರಿಂದ ಪರೀಕ್ಷೆ ಮಾಡಿಸಲೇಬೇಕೆಂದೆ. ಫಲಿತಾಂಶ ಸರಿಯಾಗಿಯೇ ಬಂತು.

ಎರಡನೆಯದು, ಮನೆಯಲ್ಲಿ ‘ಹೇಳು’ ಎಂಬ ಪದವನ್ನೇ ಬಿಡುವುದು. ಪರೀಕ್ಷೆಯಂತೆ ಪ್ರಶ್ನೆ ಕೇಳುವ ಬದಲು, ಮಗುವಿನ ಬಾಯಲ್ಲಿ ಯಾವ ಮಾತು ಬರಬೇಕೋ ಅದನ್ನೇ ನಾವು ಆಡಬೇಕು. ಅವನು ‘ನೀರು ಬೇಕಾ?’ ಎಂದಾಗ ತಾಯಿ ‘ನೀರು ಬೇಕು’ ಎಂದು ನಿಧಾನವಾಗಿ ಹೇಳಿ, ತಕ್ಷಣ ನೀರು ಕೊಡಬೇಕು. ಸರಿಯಾಗಿ ಹೇಳುವವರೆಗೂ ನೀರು ಕೊಡದೆ ಕಾಯಿಸುವುದನ್ನು ನಾನು ಒಪ್ಪುವುದಿಲ್ಲ. ಮಾತನಾಡಿದರೆ ಕೆಲಸವಾಗುತ್ತದೆ ಎಂಬ ನಂಬಿಕೆಯೇ ಅಲ್ಲಿ ಮುರಿಯುತ್ತದೆ.

ಇದಕ್ಕಿಂತ ಹೆಚ್ಚು ಹೊತ್ತು ನಾವು ಚರ್ಚಿಸಿದ್ದು ಜಂಟಿ ಗಮನವನ್ನು, ಅಂದರೆ ಒಂದೇ ವಸ್ತುವಿನ ಮೇಲೆ ಮಗುವೂ ದೊಡ್ಡವರೂ ಕೂಡಿ ಗಮನವಿಡುವುದನ್ನು. ನಾವು ನೋಡುತ್ತಿರುವುದನ್ನೇ ಮಗುವೂ ನೋಡಿದಾಗಲೇ ನಾವಾಡಿದ ಪದ ಆ ವಸ್ತುವಿಗೆ ಅಂಟಿಕೊಳ್ಳುತ್ತದೆ. ಚೆಂಡಿನ ಕಡೆಗೆ ಅವನನ್ನು ಎಳೆಯುವ ಬದಲು ತಂದೆಯೇ ನೆಲದ ಮೇಲೆ ಅವನೆದುರು ಕುಳಿತು, ಇನ್ನೊಂದು ಡಬ್ಬಿಯ ಮುಚ್ಚಳವನ್ನು ಅವನಂತೆಯೇ ತೆಗೆದು ಹಾಕಿ ಮಾಡುತ್ತ, ‘ತೆಗಿ’, ‘ಮುಚ್ಚು’ ಎಂಬ ಒಂದೊಂದೇ ಪದ ಆಡಲು ತಿಳಿಸಿದೆ. ಆಮೇಲೆ ಒಂದು ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ಅವನಿಗೆ ಕೊಟ್ಟು, ಐದರಿಂದ ಹತ್ತು ಸೆಕೆಂಡು ಸುಮ್ಮನೆ ಕಾಯಬೇಕು. ನೋಟ, ಕೈ ಚಾಚುವುದು, ಒಂದು ಧ್ವನಿ, ಯಾವುದು ಬಂದರೂ ಅದನ್ನು ಕೇಳಿಕೆಯೆಂದೇ ಸ್ವೀಕರಿಸಿ ಡಬ್ಬಿ ತೆರೆಯಬೇಕು. ತಂದೆತಾಯಿಗೆ ಅತ್ಯಂತ ಕಷ್ಟವಾಗುವುದು ಈ ಕಾಯುವಿಕೆಯೇ.

ವಾಕ್ ಚಿಕಿತ್ಸಕಿ ಚಿತ್ರ ಕಾರ್ಡುಗಳನ್ನು ಸೂಚಿಸಿದ್ದಕ್ಕೆ ತಂದೆ ಹಿಂಜರಿದಿದ್ದರು. ಚಿತ್ರ ತೋರಿಸಿ ಕೆಲಸವಾದರೆ ಮಾತೇಕೆ ಕಲಿತಾನು ಎಂಬುದು ಅವರ ಆತಂಕ. ಚಿತ್ರ, ಸನ್ನೆಯಂಥ ನೆರವುಗಳಿಂದ ಮಾತಿನ ಮೇಲಾಗುವ ಪರಿಣಾಮದ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ಪರಾಮರ್ಶೆಯಲ್ಲಿ, ಗಟ್ಟಿ ಪುರಾವೆಯಿದ್ದ 27 ಜನರಲ್ಲಿ ಒಬ್ಬರ ಮಾತೂ ಕುಗ್ಗಿರಲಿಲ್ಲ, ಹೆಚ್ಚಿನವರಲ್ಲಿ ಸ್ವಲ್ಪವಾದರೂ ಬೆಳೆದಿತ್ತು ಎಂದು ವಿವರಿಸಿದ ಮೇಲೆ ಅವರು ಒಪ್ಪಿದರು. ಮನೆಯಲ್ಲಿ ಎರಡು ಭಾಷೆಗಳಿರುವುದೂ ಅಡ್ಡಿಯಲ್ಲ. ತಂದೆತಾಯಿಗೆ ಸಹಜವಾಗಿ ಬರುವ ಭಾಷೆಯಲ್ಲೇ ಮಾತನಾಡಲಿ. ಯಾರೋ ಹೇಳಿದ ಸ್ಟೆಮ್ ಸೆಲ್ ಚಿಕಿತ್ಸೆಯ ವಿಚಾರಕ್ಕೆ ಮಾತ್ರ ಖಡಾಖಂಡಿತವಾಗಿ ಬೇಡವೆಂದೆ; ಅದರಿಂದ ಮಾತು ಬರುತ್ತದೆ ಎನ್ನಲು ಪುರಾವೆಯಿಲ್ಲ.

ಯಾವಾಗ ಮಾತನಾಡುತ್ತಾನೆ ಎಂಬ ಪ್ರಶ್ನೆಗೆ ದಿನಾಂಕ ಕೊಡಲು ಯಾರಿಗೂ ಸಾಧ್ಯವಿಲ್ಲ. ಆದರೆ 4 ವರ್ಷವಾದರೂ ಪದ ಜೋಡಿಸಿ ಮಾತನಾಡದಿದ್ದ, ಆಟಿಸಂ ಇರುವ 535 ಮಕ್ಕಳ ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೇ. 70ರಷ್ಟು ಮಕ್ಕಳು ಮುಂದೆ ಪದ ಜೋಡಿಸಿ ಮಾತನಾಡಿದ್ದರು, ಶೇ. 47ರಷ್ಟು ಮಕ್ಕಳು ಸರಾಗವಾಗಿ ಮಾತನಾಡುವ ಹಂತ ತಲುಪಿದ್ದರು. ಉಳಿದ ಮಕ್ಕಳೂ ಸನ್ನೆ, ಚಿತ್ರ, ಬರಹ ಅಥವಾ ಸಾಧನಗಳ ಮೂಲಕ ತಮಗೆ ಬೇಕಾದ್ದನ್ನು ತಿಳಿಸಬಲ್ಲರು ಎಂಬುದನ್ನೂ ತಂದೆತಾಯಿಗೆ ಮರೆಮಾಚದೆ ಹೇಳಿದೆ.

ಕೆಲವು ತಿಂಗಳ ನಂತರ ಬಂದಾಗ, ಬಿಗಿಯಾದ ಡಬ್ಬಿಯನ್ನು ತಂದೆಯ ಕೈಗಿತ್ತು ಅವರ ಮುಖವನ್ನೊಮ್ಮೆ ನೋಡುವುದು ಮಗುವಿಗೆ ರೂಢಿಯಾಗಿತ್ತು. ‘ತೆಗಿ’ ಎಂಬ ಪದ ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು. ಶಿಶುವಿಹಾರಕ್ಕೆ ಸೇರಿಸಬಹುದೇ ಎಂದು ತಾಯಿ ಕೇಳಿದರು. ಸೇರಿಸಬಹುದು, ಆದರೆ ಅದಕ್ಕೆ ಮೊದಲು ಅವನ ವಾಕ್ಯಗಳಿಗೆ ಒಂದು ಪುಸ್ತಕ ಮಾಡಿ ಎಂದೆ: ‘ಬೈ ಹೇಳು’ ಎಂದರೆ ಇಲ್ಲಿಂದ ಹೊರಡಬೇಕು, ‘ಬಿತ್ತಾ?’ ಎಂದರೆ ನೋವಾಗಿದೆ, ಹೀಗೆ ಮನೆಯವರಿಗೆ ಗೊತ್ತಿರುವ ಪ್ರತಿಯೊಂದು ಅರ್ಥವನ್ನೂ ಬರೆದು, ಮೊದಲ ದಿನವೇ ಶಿಕ್ಷಕಿಯ ಕೈಗೆ ಕೊಡಲು ತಿಳಿಸಿದೆ.