ಏಳನೇ ತರಗತಿಯ ವಿಜ್ಞಾನದಲ್ಲಿ ಮಕ್ಕಳು ಏನು ಕಲಿಯುತ್ತಾರೆ?

ಈ ಹಂತದಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಅಂತ ಬೇರೆ ಬೇರೆ ಪುಸ್ತಕ ಇರುವುದಿಲ್ಲ. ಎಲ್ಲ ಸೇರಿ ಒಂದೇ ವಿಷಯ. ಗಿಡ ಆಹಾರ ತಯಾರಿಸುವ ಬಗೆ, ಉಸಿರಾಟ, ಜೀರ್ಣಕ್ರಿಯೆ, ಶಾಖ, ಚಲನೆ, ಬೆಳಕು, ವಿದ್ಯುತ್ ಇವೆಲ್ಲ ಬರುತ್ತವೆ.

ನನಗೆ ತುಂಬಾ ಇಷ್ಟ ಆಮ್ಲ-ಪ್ರತ್ಯಾಮ್ಲದ ಪಾಠ. ಅದನ್ನು ಅಡುಗೆಮನೆಯಲ್ಲೇ ಮಾಡಿ ನೋಡಬಹುದು. ಅರಿಶಿನಕ್ಕೆ ಸ್ವಲ್ಪ ನೀರು ಹಾಕಿ ಕಲಸಿ, ಬಿಳಿ ಕಾಗದಕ್ಕೆ ಸವರಿ ಒಣಗಿಸಿ. ಅದರ ಮೇಲೆ ಬಟ್ಟೆ ಸೋಪಿನ ನೀರು ಒಂದು ಹನಿ ಬಿಡಿ. ಬಿದ್ದ ಜಾಗ ಕೆಂಪಗಾಗುತ್ತದೆ. ಅಲ್ಲಿಗೇ ನಿಂಬೆರಸ ಹಾಕಿದರೆ ಮತ್ತೆ ಹಳದಿ! ಸೋಪು ಪ್ರತ್ಯಾಮ್ಲ, ನಿಂಬೆ ಆಮ್ಲ. ಅಂಗಿ ಮೇಲೆ ಬಿದ್ದ ಸಾರಿನ ಕಲೆಗೆ ಸೋಪು ಹಚ್ಚಿದಾಗ ಕೆಂಪಾಗುತ್ತದಲ್ವಾ, ಅದಕ್ಕೂ ಇದೇ ಕಾರಣ. ಇಷ್ಟು ನೋಡಿದ ಮಗುವಿಗೆ ಲಿಟ್ಮಸ್ ಕಾಗದ (ಆಮ್ಲ-ಪ್ರತ್ಯಾಮ್ಲ ಗುರುತಿಸಲು ಶಾಲೆಯಲ್ಲಿ ಬಳಸುವ ಕಾಗದ) ಏನು ಮಾಡುತ್ತದೆ ಅಂತ ಜಾಸ್ತಿ ವಿವರಿಸಬೇಕಾಗಿಲ್ಲ.

ಹಾಗೇ ಆಲೂಗಡ್ಡೆ ಹೋಳಿನ ಮೇಲೆ ಅಯೋಡಿನ್ ಹನಿ ಬಿಟ್ಟರೆ ಕಡುನೀಲಿ ಆಗುತ್ತದೆ. ಅದು ಪಿಷ್ಟದ, ಅಂದರೆ ಗಿಡ ಕೂಡಿಡುವ ಆಹಾರದ (ಸ್ಟಾರ್ಚ್) ಗುರುತು. ಎಲೆ ಬಿಸಿಲಿನಲ್ಲಿ ಆಹಾರ ತಯಾರಿಸಿದೆಯಾ ಅಂತ ತಿಳಿಯಲು ಶಾಲೆಯಲ್ಲಿ ಮಾಡುವುದೂ ಇದೇ ಪರೀಕ್ಷೆ. ಸುಮ್ನೆ ವ್ಯಾಖ್ಯೆ ಬಾಯಿಪಾಠ ಮಾಡಿಸುವ ಮೊದಲು ಇವೆರಡನ್ನೂ ಮಗುವಿನ ಕೈಯಲ್ಲೇ ಮಾಡಿಸಿ.